ಕೈ ಆಡಿದರೆ ಪದ

ಹೊಂಗನೂರಿನ ನನ್ನ ಸೋದರತ್ತೆಗೆ ಮ್ಯೂಸಿಯಂ ಎಂದರೆ ಮೈಸೂರಿನ ಅರಮನೆ. ಹಾಗಾಗಿ ಜಾನಪದ ಲೋಕ ನೋಡಿಕೊಂಡು ಬರೋಣ ಎಂದಾಗ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟರು. ಚನ್ನಪಟ್ಟಣಕ್ಕೆ ಬಂದು, ರಾಮನಗರದ ಬಸ್ಸು ಹತ್ತಿ, ಹಳೇ ಮೈಸೂರು ರಸ್ತೆಯಲ್ಲಿ ಇಳಿದೆವು. ಜಾನಪದ ಲೋಕದ ಲೋಕಮಾತಾ ಮಂದಿರದೊಳಗೆ ಕಾಲಿಟ್ಟು ಸುತ್ತ ಒಮ್ಮೆ ಕಣ್ಣಾಡಿಸಿದವರೇ, "ಅಯ್ಯೋ, ಇವೆಲ್ಲ ನಮ್ಮಟ್ಟೀಲೇ ಇದ್ದವಲ್ಲಾ! ಇದ್ಯಾಕ್ಲಾ ಇಲ್ ತಂದು ಮಡಗವ್ರೆ?" ಎಂದರು. ಅರಮನೆ ನಿರೀಕ್ಷಿಸಿ ಬಂದವರಿಗೆ ಅಡುಗೆಮನೆ ಸಿಕ್ಕಿತ್ತು.

ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಎಚ್.ಎಲ್. ನಾಗೇಗೌಡರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದವರು, ಐಎಎಸ್ ಅಧಿಕಾರಿಯಾಗಿದ್ದವರು. ಜೀಪಿನಲ್ಲಿ ಹಳ್ಳಿ ಸುತ್ತುವ ಅಧಿಕಾರಿಗಳು ನಮ್ಮಲ್ಲಿ ಬಹಳ ಮಂದಿ ಆಗಿಹೋಗಿದ್ದಾರೆ. ಹಾಡುವವರ ಮುಂದೆ ಕೂತು ಪದ ಬರೆದುಕೊಂಡವರು, ಟೇಪಿಗೆ ಇಳಿಸಿಕೊಂಡವರು ಎಷ್ಟು ಮಂದಿ? 'ದೊಡ್ಡಮನೆ' ಕಾದಂಬರಿ ಬರೆದ, 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳನ್ನು ಹೊರತಂದ ಈ ಮನುಷ್ಯ 1979ರಲ್ಲಿ ಕಟ್ಟಿದ ಸಂಸ್ಥೆಯೇ ಇಂದಿನ ಕರ್ನಾಟಕ ಜಾನಪದ ಪರಿಷತ್ತು. ಸರ್ಕಾರ ಕೊಟ್ಟ 15 ಎಕರೆ ಜಾಗದಲ್ಲಿ 1994ರಲ್ಲಿ ಜಾನಪದ ಲೋಕ ಬಾಗಿಲು ತೆರೆದಾಗ ಗೌಡರಿಗೆ ಎಂಬತ್ತು ಹತ್ತಿರವಾಗಿತ್ತು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಕಲ್ಲು, ಹೆಂಚು, ಕಂಬಗಳ ಲೆಕ್ಕ ಹಾಕುತ್ತಿದ್ದರು.

ಲೋಕಮಹಲಿನಲ್ಲಿ ತೊಗಲುಗೊಂಬೆ, ಸೂತ್ರದ ಗೊಂಬೆ, ಯಕ್ಷಗಾನದ ವೇಷಭೂಷಣ, ಬೇಸಾಯದ ಸಾಮಾನು ಇವೆ. ಆಯಗಾರರ ಮಾಳೆಯಲ್ಲಿ ಕುಂಬಾರ, ಕಮ್ಮಾರ, ಬಡಗಿಗಳ ಉಪಕರಣಗಳು, ಶಿಲ್ಪಮಾಳೆಯಲ್ಲಿ ಮಳೆ ಬಿಸಿಲು ಕಂಡ ಕಲ್ಲುಗಳು. ಚಿತ್ರಕುಟೀರದ ಫೋಟೊಗಳನ್ನು ನೋಡುತ್ತ ನಾನು ಹಿಂದೆ ಉಳಿದೆ. ಅತ್ತೆಗೆ ಅದರಲ್ಲೆಲ್ಲ ಆಸಕ್ತಿಯಿರಲಿಲ್ಲ. ಅವರು ರಾಗಿ ಬೀಸುವ ಕಲ್ಲಿನ ಮುಂದೆ ನಿಂತಿದ್ದರು.

"ಬೀಸೋವಾಗ ಪದ ಹೇಳ್ತಿದ್ರಲ್ಲಾ, ಒಂದು ಹೇಳತ್ತೆ" ಎಂದೆ. ನೆನಪಿಲ್ಲ ಎಂದು ತಲೆಯಾಡಿಸಿದರು. ಮೂರು ಹೆಜ್ಜೆ ಮುಂದೆ ಹೋಗಿ ಮತ್ತೆ ತಿರುಗಿ ಬಂದರು. ಅಲ್ಲೇ ನೆಲದ ಮೇಲೆ ಒಂದು ಕಾಲು ಚಾಚಿ, ಒಂದು ಮಡಚಿ ಕೂತು, ಇಲ್ಲದ ಗೂಟವನ್ನು ಬಲಗೈಯಲ್ಲಿ ಹಿಡಿದು ಗಾಳಿಯಲ್ಲಿ ತಿರುಗಿಸತೊಡಗಿದರು. ಎಡಗೈ ಆಗಾಗ ಇಲ್ಲದ ಮೊರದಿಂದ ಇಲ್ಲದ ರಾಗಿಯನ್ನು ಹಿಡಿ ಹಿಡಿಯಾಗಿ ಕಲ್ಲಿನ ಬಾಯಿಗೆ ಹಾಕುತ್ತಿತ್ತು. ನಾಲ್ಕನೆಯ ಸುತ್ತಿಗೋ ಐದನೆಯ ಸುತ್ತಿಗೋ ಪದ ಬಂತು. ಸೊಂಟ ಹಿಂದಕ್ಕೆ ವಾಲಿದಾಗ ಸೊಲ್ಲು ಏಳುತ್ತಿತ್ತು, ಮುಂದಕ್ಕೆ ಬಾಗಿದಾಗ ಇಳಿಯುತ್ತಿತ್ತು. ಪ್ರವಾಸ ಬಂದಿದ್ದ ಶಾಲೆಯ ಮಕ್ಕಳು ಸುತ್ತ ನೆರೆದದ್ದು ಕಂಡು ನಾಚಿ ಎದ್ದುಬಿಟ್ಟರು. "ಕೈ ಆಡ್ದೆ ಪದ ಬಾಯ್ಗೆ ಬರಾಕಿಲ್ಲ ಕನ್ಲಾ" ಎಂದರು.

ಇಂಥ ಸಂಸ್ಥೆಗಳ ತಾಪತ್ರಯವೆಲ್ಲ ಈ ಮಾತಿನಲ್ಲಿದೆ ಅನ್ನಿಸಿತು. ಕಲ್ಲನ್ನು ತಂದಿಡಬಹುದು, ಪದವನ್ನು ಟೇಪಿನಲ್ಲಿ ಹಿಡಿದಿಡಬಹುದು. ಮರಕ್ಕೆ ಗೆದ್ದಲು, ತೊಗಲಿಗೆ ತೇವ, ಟೇಪಿಗೆ ಬೂಷ್ಟು ಎಂದು ಶತ್ರುಗಳಿದ್ದರೂ ಅವಕ್ಕೆ ಮದ್ದಿದೆ. ಕಲ್ಲನ್ನೂ ಪದವನ್ನೂ ಕೂಡಿಸುವ ಕೈಗೆ ಏನು ಮಾಡುವುದು?

ಹಂಗೇರಿಯವರಿಗೂ ಇದೇ ಚಿಂತೆಯಿತ್ತು. ಬೇಲಾ ಬಾರ್ಟೋಕ್ ಮತ್ತು ಕೊಡಾಯ್ ಎಂಬ ಸಂಗೀತಗಾರರು 1906ರ ಹೊತ್ತಿಗೇ ಫೊನೊಗ್ರಾಫ್ ಹೊತ್ತು ಹಳ್ಳಿ ಹಳ್ಳಿ ತಿರುಗಿ ಮೇಣದ ಉರುಳೆಗಳ ಮೇಲೆ ರೈತರ ಹಾಡು ಹಿಡಿದವರು. ಯುದ್ಧಕಾಲದಲ್ಲಿ, 1940ರಲ್ಲಿ, ಬಾರ್ಟೋಕ್ ಅಮೆರಿಕ ಸೇರಿ ಅಲ್ಲೇ ತೀರಿಕೊಂಡ. ಉರುಳೆಗಳು ಉಳಿದವು, ಕುಣಿಯುವವರು ಕಡಿಮೆಯಾದರು. ಆಗ 1972ರಲ್ಲಿ ಬುಡಾಪೆಸ್ಟಿನ ಹುಡುಗರು 'ತಾಂಟ್ಸ್‌ಹಾಜ್', ಅಂದರೆ ಕುಣಿತದ ಮನೆ, ಶುರುಮಾಡಿದರು. ಅಲ್ಲಿ ಪ್ರೇಕ್ಷಕರಿಗೆ ಕುರ್ಚಿ ಹಾಕುವುದಿಲ್ಲ. ಬಂದವರೆಲ್ಲ ಹೆಜ್ಜೆ ಕಲಿತು ಕುಣಿಯಬೇಕು. ಅಮೆರಿಕದಲ್ಲಿ ನೆಲೆಸಿದ ಹಂಗೇರಿ ಮೂಲದವರೂ ಇದನ್ನೇ ಹಿಡಿದುಕೊಂಡರು. ಭಾಷೆ ಮರೆತ ಮೂರನೆಯ ತಲೆಮಾರಿನ ಮಕ್ಕಳಿಗೂ ಕಾಲಿಗೆ ಹೆಜ್ಜೆ ಹತ್ತುತ್ತದಲ್ಲ. 2011ರಲ್ಲಿ ಯುನೆಸ್ಕೊ ಈ ವಿಧಾನವನ್ನು ಮಾದರಿ ಎಂದು ಪಟ್ಟಿಗೆ ಸೇರಿಸಿತು.

ನಾಗೇಗೌಡರು ಕುಣಿತದ ಮನೆಯ ಸುದ್ದಿ ಕೇಳಿದ್ದರೋ ಇಲ್ಲವೋ, ಜಾನಪದ ಲೋಕವನ್ನು ಬರೀ ಗಾಜಿನ ಕಪಾಟಾಗಿ ಬಿಡಲಿಲ್ಲ. ಬಯಲು ರಂಗಮಂದಿರ ಕಟ್ಟಿಸಿದರು. ಪರಿಷತ್ತು ಜಾನಪದ ಕೋರ್ಸು ನಡೆಸುತ್ತದೆ, ಕುಣಿತ ಕಲಿಸುತ್ತದೆ, ಲೋಕೋತ್ಸವಕ್ಕೆ ಡೊಳ್ಳು, ಪಟ, ಪೂಜಾ ಕುಣಿತದ ಮೇಳಗಳನ್ನು ಕರೆಸುತ್ತದೆ. ಗೌಡರು 2005ರಲ್ಲಿ ಹೋದ ಮೇಲೆ ಪರಿಷತ್ತಿನ ಹೊಣೆ ಮುಂದೆ ಟಿ. ತಿಮ್ಮೇಗೌಡರ ಹೆಗಲಿಗೂ ಬಂತು, ಆಮೇಲೆ ಹಿ.ಚಿ. ಬೋರಲಿಂಗಯ್ಯನವರಿಗೆ. ಕಟ್ಟಿದವನೊಂದಿಗೇ ಕಣ್ಣುಮುಚ್ಚುವ ಸಂಸ್ಥೆಗಳು ನಮ್ಮಲ್ಲಿ ಹೆಜ್ಜೆಗೊಂದಿರುವಾಗ ಇದು ಸಣ್ಣ ಸಾಧನೆಯಲ್ಲ.

ಈಗ ಬಂದಿರುವುದು ರಸ್ತೆಯ ಕಷ್ಟ. ಬೆಂಗಳೂರು–ಮೈಸೂರು ವಾಹನಗಳೆಲ್ಲ ಈ ಬಾಗಿಲ ಮುಂದೆಯೇ ಹಾಯುತ್ತಿದ್ದ ಕಾಲದಲ್ಲಿ ಪಕ್ಕದ ಕಾಮತ್ ಲೋಕರುಚಿಯಲ್ಲಿ ರೊಟ್ಟಿ ತಿಂದವರು, ಬಂದದ್ದೇ ಬಂದೆವು ಎಂದು ಒಳಗೂ ಒಂದು ಸುತ್ತು ಹಾಕುತ್ತಿದ್ದರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬೈಪಾಸಿನಲ್ಲಿ ದಾಟಿಸಿಬಿಡುತ್ತದೆ. ಚನ್ನಪಟ್ಟಣದ ರಸ್ತೆ ಬದಿಯ ಮರದ ಗೊಂಬೆ ಅಂಗಡಿಯವರು ಇದನ್ನು ಹೇಳುವಾಗ ಗೊಂಬೆ ಕಡೆಯುವ ಲೇತ್ ಕೆಟ್ಟವರ ಮುಖ ಮಾಡುತ್ತಾರೆ. ಇನ್ನು ಮೇಲೆ ಜಾನಪದ ಲೋಕಕ್ಕೆ ಬರುವವರು ಬೇಕೆಂದೇ ಬರಬೇಕು.

ವಾಪಸು ಬಸ್ಸಿನಲ್ಲಿ ಅತ್ತೆ ಚನ್ನಪಟ್ಟಣದವರೆಗೂ ಮಾತಾಡಲಿಲ್ಲ. ಗೊಂಬೆ ಅಂಗಡಿಗಳ ಸಾಲು ಕಂಡಾಗ ತಟ್ಟನೆ, "ನಮ್ ಬೀಸೋ ಕಲ್ಲು ಬಚ್ಚಲ್ ಹಿಂದೆ ಬಿದ್ದದೆ, ಕಲ್ಲು ಗಟ್ಟಿಯಾಗದೆ, ಗೂಟ ಒಂದಿಲ್ಲ" ಎಂದರು. ಇಲ್ಲೇ ಲೇತಿನವರ ಹತ್ತಿರ ಒಂದು ಗೂಟ ಮಾಡಿಸೋಣ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಆಲೆ ಮರದ್ದು ಗೊಂಬೆಗೆ ಸರಿ ಕನ್ಲಾ, ಮೆತ್ತಗಿರ್ತದೆ. ಗೂಟಕ್ಕೆ ಜಾಲಿ ಮರದ್ದೇ ಆಗ್ಬೇಕು."