ಮೈನಸ್ 31ರಲ್ಲಿ ಬೆಂಕಿ ಆರಿಸೋ ಸಿಲಿಂಡರ್

ಕಳೆದ ಜನವರಿಯಲ್ಲಿ ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಕೆಂಪು ಸಿಲಿಂಡರ್, ಅದರ ಕತ್ತಿನಲ್ಲಿ ನಾಣ್ಯದಷ್ಟು ಗೇಜ್, ಗೇಜಿನ ಮುಳ್ಳು ಹಸಿರು ಪಟ್ಟಿಯ ಎಡ ಅಂಚಿಗೆ ತಾಗಿಕೊಂಡು ನಿಂತಿದೆ. ಕಳಿಸಿದವರು ನಮ್ಮ ಮೆಕ್ಯಾನಿಕಲ್ ವಿಭಾಗದಿಂದಲೇ ಪಾಸಾಗಿ ಈಗ ಅಮೆರಿಕದ ಮಿನ್ನೆಸೋಟಾದಲ್ಲಿ ಎಂ.ಎಸ್. ಓದುತ್ತಿರುವ ಅಕ್ಕ. ಅವರ ಜೊತೆ ಮನೆ ಹಂಚಿಕೊಂಡಿರುವ ಗೆಳತಿ ಹಳೆಯದೊಂದು ಮೋಟರ್‌ಹೋಮ್ ಕೊಂಡಿದ್ದರಂತೆ. ವಾರದ ಕೊನೆಗೆ ಅದನ್ನು ಹೆಪ್ಪುಗಟ್ಟಿದ ಸರೋವರದ ದಡದಲ್ಲಿ ನಿಲ್ಲಿಸಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವ ಪ್ಲಾನು. ಹೊರಗೆ ಮೈನಸ್ 31 ಡಿಗ್ರಿ. "ಚಳಿಗೆ ಇದು ಕೆಟ್ಟೋಯ್ತಾ? ಮೊದಲೇ ಮನೆಯೊಳಗೆ ತಂದಿಡಬೇಕಿತ್ತಾ? ನಾಲ್ಕು ದಿನ ಟೈಮ್ ಇದೆ. ನೀವು ಥರ್ಮೋ ಓದ್ತಿರೋರು, ಹೇಳ್ರೋ" ಅಂತ ಕೆಳಗೆ ಬರೆದಿದ್ದರು.

ಮೋಟರ್‌ಹೋಮ್ ಅಂದರೆ ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್, ಶೌಚಾಲಯ ಎಲ್ಲ ಇರುವ ಓಡುವ ಮನೆ. ಗೋಡೆ ತೆಳು ಪ್ಲೈವುಡ್ಡು, ಒಳಗೆಲ್ಲ ಫೋಮು, ಪರದೆ, ಪ್ಲಾಸ್ಟಿಕ್ಕು. ಓಡಾಡುವ ಬಾಗಿಲು ಸಾಮಾನ್ಯವಾಗಿ ಒಂದೇ. ಚಳಿಗಾಲದಲ್ಲಿ ಒಳಗೆ ಪ್ರೊಪೇನ್ ಹೀಟರ್ ರಾತ್ರಿಯಿಡೀ ಉರಿಯುತ್ತಿರುತ್ತದೆ. ಬೆಂಕಿ ಹತ್ತಿದರೆ ಕೈಯಲ್ಲಿ ನಿಮಿಷಗಳೂ ಇರುವುದಿಲ್ಲ. ಅದಕ್ಕೇ ಅಲ್ಲಿನ ಎನ್‌ಎಫ್‌ಪಿಎ 1192 ಎಂಬ ಮಾನದಂಡ ಇಂಥ ವಾಹನಗಳಲ್ಲಿ ಬಾಗಿಲ ಹತ್ತಿರ ಒಂದು ಎಕ್ಸ್‌ಟಿಂಗ್ವಿಷರ್ ಇರಲೇಬೇಕು ಅನ್ನುತ್ತದೆ. ಆದರೆ ವಾಹನವನ್ನು ಚಳಿಗಾಲಕ್ಕೆ ನಿಲ್ಲಿಸುವಾಗ ಮಾಲೀಕರು ಪೈಪಿನ ನೀರು ಬಸಿಯುತ್ತಾರೆ, ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬುತ್ತಾರೆ, ಬ್ಯಾಟರಿ ಬಿಚ್ಚಿಡುತ್ತಾರೆ. ಬಾಗಿಲ ಪಕ್ಕದ ಸಿಲಿಂಡರ್ ಮಾತ್ರ ನೇತಾಡುತ್ತಲೇ ಇರುತ್ತದೆ.

ಅಕ್ಕನ ಸಿಲಿಂಡರಿನೊಳಗೆ ಇದ್ದದ್ದು ಒಣ ಪುಡಿ. ಪುಡಿ ಹೆಪ್ಪುಗಟ್ಟುವ ಮಾತೇ ಇಲ್ಲ. ಅದನ್ನು ಹೊರಗೆ ತಳ್ಳುವುದು ಅದರ ಜೊತೆ ಒತ್ತಿ ತುಂಬಿದ ನೈಟ್ರೋಜನ್. ಮೈನಸ್ 31ರಲ್ಲಿ ಅದೂ ಅನಿಲವೇ, ಒತ್ತಡ ಮಾತ್ರ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ನಮ್ಮ ಮೊದಲ ವರ್ಷದ ಲೆಕ್ಕ: ಗಾತ್ರ ಬದಲಾಗದಿದ್ದರೆ ಒತ್ತಡ ಕೆಲ್ವಿನ್ ಉಷ್ಣತೆಗೆ ತಕ್ಕಂತೆ ಏರಿಳಿಯುತ್ತದೆ. ಅವರ ಗೇಜಿನ ನಡುವೆ 21 ಡಿಗ್ರಿಗೆ 195 ಪಿಎಸ್‌ಐ ಎಂದಿತ್ತು. ವಾತಾವರಣದ 14.7 ಕೂಡಿಸಿದರೆ ಸುಮಾರು 210. ಅದನ್ನು 242ರಿಂದ ಗುಣಿಸಿ 294ರಿಂದ ಭಾಗಿಸಿ, ಮತ್ತೆ 14.7 ಕಳೆದರೆ ಗೇಜಿನಲ್ಲಿ 158 ಕಾಣಬೇಕು. (ಸೆಲ್ಸಿಯಸ್ಸನ್ನೇ ಹಾಕಿದ ನಮ್ಮಲ್ಲೊಬ್ಬನಿಗೆ ಒತ್ತಡ ಮೈನಸ್ ಬಂತು. ಹೆಸರು ಹೇಳಲ್ಲ, ಅವನೂ ಇದನ್ನು ಓದ್ತಾನೆ.) ಅಂದರೆ ಐದರಲ್ಲೊಂದು ಪಾಲು ಒತ್ತಡ ಹೋದರೂ ಸಿಲಿಂಡರ್ ಸರಿಯಾಗೇ ಇರಬಹುದು. ಪುಡಿ ಸ್ವಲ್ಪ ಹತ್ತಿರಕ್ಕೆ ಬೀಳುತ್ತದೆ, ಅಷ್ಟೇ. ಹಸಿರನ್ನು ಒಂದು ಗೆರೆಯಾಗಿ ಬರೆಯದೆ ಅಗಲದ ಪಟ್ಟಿಯಾಗಿ ಬಳಿದಿರುವುದು ಈ ಏರಿಳಿತಕ್ಕಾಗಿಯೇ.

ಫೋಟೋದಲ್ಲಿ ಮುಳ್ಳು ಇದ್ದದ್ದು ಸರಿಸುಮಾರು 158ರ ಜಾಗದಲ್ಲೇ! ನಾವು ಖುಷಿಯಿಂದ ಲೆಕ್ಕದ ಹಾಳೆಯ ಫೋಟೋ ತೆಗೆದು ಕಳಿಸಿದೆವು. "ಏನೂ ಆಗಿಲ್ಲ ಅಕ್ಕಾ, ಆರಾಮಾಗಿ ಮೀನು ಹಿಡೀರಿ."

ರಾತ್ರಿ ಮೆಸ್‌ನಲ್ಲಿ ಊಟ ಮಾಡುತ್ತಾ ಮತ್ತೆ ಆ ಫೋಟೋ ನೋಡಿದಾಗ ನಮ್ಮಲ್ಲೊಬ್ಬಳಿಗೆ ಹಿಂದೆ ಮೈಕ್ರೋವೇವ್ ಕಾಣಿಸಿತು. ಇದು ವಾಹನದೊಳಗಿನದೋ, ಮನೆಯದೋ? ಕೇಳಿದೆವು. "ಮನೆಯದೇ ಕಣ್ರೋ, ಅಡುಗೆಮನೆ ಟೇಬಲ್ ಮೇಲೆ. ನಿನ್ನೆ ರಾತ್ರೀನೇ ಒಳಗೆ ತಂದಿಟ್ಟಿದ್ದೆ" ಅಂತ ಉತ್ತರ ಬಂತು. ಅಂದರೆ ಸಿಲಿಂಡರ್ ಇದ್ದದ್ದು 21 ಡಿಗ್ರಿಯಲ್ಲಿ, 195 ತೋರಿಸಬೇಕಾದ ಕಡೆ ತೋರಿಸಿದ್ದು 158. ಅದೇ ಮುಳ್ಳು, ಅದೇ ಜಾಗ, ಅರ್ಥ ಪೂರ್ತಿ ಉಲ್ಟಾ. ಚಳಿಯಿಂದ ಒತ್ತಡ ಇಳಿದದ್ದಲ್ಲ, ಅನಿಲವೇ ಸೋರಿಹೋಗಿತ್ತು. ಅದನ್ನೇ ಹೊರಗೆ ಮೈನಸ್ 31ಕ್ಕೆ ಒಯ್ದರೆ ಗೇಜು ಸುಮಾರು 127ಕ್ಕೆ ಇಳಿಯುತ್ತಿತ್ತು.

ಗೇಜ್ ಹೇಳುವುದು ಒತ್ತಡವನ್ನು ಮಾತ್ರ, ಒಳಗೆ ಎಷ್ಟು ಅನಿಲ ಇದೆ ಅನ್ನುವುದನ್ನಲ್ಲ. ಉಷ್ಣತೆ ಗೊತ್ತಿಲ್ಲದೆ ಮುಳ್ಳು ಓದಿದರೆ ನಾವು ಎಡವಿದಂತೆಯೇ ಎಡವುತ್ತೇವೆ. ಚಳಿಯಲ್ಲಿ ಮುಳ್ಳು ಇಳಿದಿದ್ದರೆ ಸಿಲಿಂಡರನ್ನು ಒಳಗೆ ತಂದು ಒಂದು ದಿನ ಸುಮ್ಮನೆ ಬಿಡಬೇಕು, ಆಮೇಲೆ ನೋಡಬೇಕು. ಮುಳ್ಳು ಮಧ್ಯಕ್ಕೆ ಬಂದರೆ ಅದು ಬರೀ ಚಳಿ. ಬರದಿದ್ದರೆ ಸೋರಿಕೆ. ಬೇಗ ಆಗಲಿ ಅಂತ ಹೀಟರ್ ಮುಂದೆ ಇಡುವುದು, ಬಿಸಿನೀರು ಹೊಯ್ಯುವುದು ಬೇಡವೇ ಬೇಡ, ಅದು ಒತ್ತಡ ತುಂಬಿದ ಪಾತ್ರೆ. ತಣ್ಣಗಿನ ಲೋಹವನ್ನು ಬೆಚ್ಚನೆ ಕೋಣೆಗೆ ತಂದರೆ ಮೈಯೆಲ್ಲ ಬೆವರುತ್ತದೆ, ಆ ನೀರು ವಾಲ್ವಿನ ಸಂದಿಯಲ್ಲಿ ನಿಲ್ಲದಂತೆ ಒರೆಸಬೇಕು. ಒದ್ದೆಯಾಗಿಯೇ ಮತ್ತೆ ಹೊರಗೆ ನೇತುಹಾಕಿದರೆ ಪಿನ್ನು, ಹಿಡಿ ಎಲ್ಲ ಮಂಜು ಹಿಡಿದು ಕೂರುತ್ತವೆ.

ಸೋರಿಕೆಯಲ್ಲಿ ಚಳಿಯ ಕೈವಾಡ ಇಲ್ಲವೇ ಇಲ್ಲ ಅನ್ನುವಂತಿಲ್ಲ. ವಾಲ್ವನ್ನು ಬಿಗಿಯಾಗಿ ಮುಚ್ಚುವುದು ರಬ್ಬರಿನ ಓ-ರಿಂಗ್. ತಣ್ಣಗಾದ ರಬ್ಬರ್ ಗಡುಸಾಗುತ್ತದೆ, ಸಂದಿಗೆ ತಕ್ಕಂತೆ ಮತ್ತೆ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತಕ್ಕೆ ಕಾರಣವಾದದ್ದೂ ಚಳಿಗೆ ಗಡುಸಾದ ಓ-ರಿಂಗೇ. ಹಳೆಯ ಸಿಲಿಂಡರಿನಲ್ಲಿ ಪ್ರತಿ ಚಳಿಗಾಲವೂ ಆ ಉಂಗುರವನ್ನು ಒಂದಿಷ್ಟು ಪರೀಕ್ಷೆ ಮಾಡುತ್ತದೆ ಅಂದುಕೊಳ್ಳಿ.

ಒಣ ಪುಡಿಯ ಸಿಲಿಂಡರುಗಳ ಲೇಬಲ್ಲಿನ ಮೇಲೆ ಅಲ್ಲಿ ಸಾಮಾನ್ಯವಾಗಿ ಮೈನಸ್ 40ರಿಂದ 49 ಡಿಗ್ರಿ ಸೆಲ್ಸಿಯಸ್ ಎಂಬ ಮಿತಿ ಇರುತ್ತದೆ. ಮೈನಸ್ 40 ಅಂದರೆ ಫ್ಯಾರನ್‌ಹೀಟೂ ಸೆಲ್ಸಿಯಸ್ಸೂ ಒಂದೇ ಆಗುವ ಜಾಗ. ಅಷ್ಟು ಚಳಿ ಯಾರು ಕಂಡಿದ್ದಾರೆ ಅಂತ ನಗಬೇಡಿ. ಅದೇ ಮಿನ್ನೆಸೋಟಾದ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ದಾಖಲಾಗಿದೆ. ಹೀಟರ್ ಇಲ್ಲದೆ ನಿಂತ ವಾಹನದ ಒಳಗೂ ಹೊರಗಿನ ಚಳಿಯೇ. ಇನ್ನೊಂದು ತುದಿಯನ್ನೂ ಮರೆಯುವ ಹಾಗಿಲ್ಲ. ಇದೇ ವಾಹನವನ್ನು ಬೇಸಿಗೆಯಲ್ಲಿ ಅರಿಜೋನಾದ ಬಿಸಿಲಿಗೆ ಬಾಗಿಲು ಮುಚ್ಚಿ ನಿಲ್ಲಿಸಿದರೆ ಒಳಗೆ 49 ದಾಟುವುದು ಕಷ್ಟವೇನಲ್ಲ.

ಎಲ್ಲ ಸಿಲಿಂಡರುಗಳೂ ಇಷ್ಟು ಗಟ್ಟಿಗರಲ್ಲ. ನೀರಿನದ್ದು, ನೀರಿನಲ್ಲಿ ಕಲಸಿದ ಫೋಮಿನದ್ದು ಸಾಮಾನ್ಯವಾಗಿ 4 ಡಿಗ್ರಿಗಿಂತ ಕೆಳಗೆ ಇಡುವಂಥವಲ್ಲ. ನೀರು ಗಟ್ಟಿಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಸಿಲಿಂಡರ್, ವಾಲ್ವ್, ಒಳಗಿನ ಕೊಳವೆ ಯಾವುದು ಬೇಕಾದರೂ ಬಿರಿಯಬಹುದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತೆ ಅಂತ ನಂಬಬಾರದು. ಉಪ್ಪು ಹಾಕಿದರೆ ಹೆಪ್ಪುಗಟ್ಟಲ್ವಲ್ಲ ಅಂತ ನಮ್ಮ ಕೆಮಿಸ್ಟ್ರಿ ತಲೆ ಓಡುತ್ತದೆ. ಉಪ್ಪು ಒಳಗಿನಿಂದ ಲೋಹ ತಿನ್ನುತ್ತದೆ, ತಯಾರಕರು ಒಪ್ಪಿದ ಆಂಟಿಫ್ರೀಜ್ ಬಿಟ್ಟು ಬೇರೇನೂ ಹಾಕುವಂತಿಲ್ಲ. ಅಡುಗೆಮನೆಗೆಂದು ಮಾರುವ, ಸೊಳ್ಳೆ ಸ್ಪ್ರೇ ಥರ ಕಾಣುವ ಬೆಂಕಿ ಆರಿಸೋ ಡಬ್ಬಿಗಳಲ್ಲೂ ಹಲವು ನೀರಿನವೇ. ಚಳಿಗಾಲಕ್ಕೆ ಮನೆಯೊಳಗೆ ತಂದಿಡಬೇಕಾದದ್ದು ಇವನ್ನು.

ನಮ್ಮ ಎಲೆಕ್ಟ್ರಿಕಲ್ ಲ್ಯಾಬಿನ ಗೋಡೆಯಲ್ಲಿರುವ ಕಪ್ಪು ಕೊಂಬಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಕಥೆ ಮತ್ತೂ ಬೇರೆ. ಅದರೊಳಗೆ ದ್ರವವೂ ಆವಿಯೂ ಒಟ್ಟಿಗೆ ಇರುವುದರಿಂದ ನೈಟ್ರೋಜನ್ ಲೆಕ್ಕ ಅಲ್ಲಿ ನಡೆಯಲ್ಲ, ಆವಿಯ ಒತ್ತಡದ ಲೆಕ್ಕ ನಡೆಯುತ್ತದೆ. 20 ಡಿಗ್ರಿಯಲ್ಲಿ ಸುಮಾರು 57 ಬಾರ್ ಇರುವುದು ಮೈನಸ್ 30ಕ್ಕೆ ಸುಮಾರು 14 ಬಾರ್‌ಗೆ ಬಂದು ನಿಲ್ಲುತ್ತದೆ, ಅಂದರೆ ಕಾಲು ಭಾಗ. ಹೆಪ್ಪುಗಟ್ಟದೆಯೂ ಚಳಿಗೆ ಸುಸ್ತಾಗುವ ಸಿಲಿಂಡರ್ ಇದು. ಇದಕ್ಕೆ ಗೇಜೂ ಇರುವುದಿಲ್ಲ, ತೂಕ ನೋಡಿಯೇ ತಿಳಿಯಬೇಕು.

ಹಾಗಾದರೆ ಒಣ ಪುಡಿಯದನ್ನು ಚಳಿಗಾಲದಲ್ಲಿ ಬಿಚ್ಚಿ ಮನೆಗೆ ತರಬೇಕಾ? ಬೇಡ ಅನ್ನುವುದೇ ನಮ್ಮ ಅಭಿಪ್ರಾಯ, ಮೈನಸ್ 40ರ ಕೆಳಗೆ ಹೋಗುವ ಊರುಗಳನ್ನು ಬಿಟ್ಟು. ಬಿಚ್ಚಿದ ಸಿಲಿಂಡರ್ ಏಪ್ರಿಲ್‌ನಲ್ಲಿ ವಾಹನ ಹೊರಡುವಾಗ ಗ್ಯಾರೇಜಿನಲ್ಲೇ ಉಳಿದುಬಿಡುವ ಅಪಾಯ ಚಳಿಗಿಂತ ದೊಡ್ಡದು. ಬಿಚ್ಚಲೇಬೇಕಿದ್ದರೆ ಸ್ಟಿಯರಿಂಗಿಗೆ ಒಂದು ಚೀಟಿ ಕಟ್ಟಿಡಿ. ವಾಹನದ ಹೊರಗಿನ ಗೂಡಿನಲ್ಲಿ ಇಟ್ಟಿದ್ದರೆ ಕವರ್ ಹಾಕಬೇಕು. ಮಂಜು ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ನೀರಿನೊಂದಿಗೆ ಹಾರಿ ಬಂದು ವಾಲ್ವಿಗೆ ತುಕ್ಕು ಹಿಡಿಸುತ್ತದೆ.

ಹಸಿರು ಎಲ್ಲವನ್ನೂ ಹೇಳುವುದೂ ಇಲ್ಲ. 2017ರ ನವೆಂಬರ್‌ನಲ್ಲಿ ಕಿಡ್ಡೆ ಕಂಪನಿ ಪ್ಲಾಸ್ಟಿಕ್ ಹಿಡಿಯ ಸುಮಾರು 4 ಕೋಟಿ ಎಕ್ಸ್‌ಟಿಂಗ್ವಿಷರುಗಳನ್ನು ಅಮೆರಿಕ ಮತ್ತು ಕೆನಡಾದಲ್ಲಿ ವಾಪಸ್ ಕರೆಯಿತು. ಬಾಯಿ ಕಟ್ಟಿಕೊಂಡು ಪುಡಿ ಹೊರಗೆ ಬಾರದಿರಬಹುದು ಅನ್ನುವುದು ಕಾರಣಗಳಲ್ಲೊಂದು. ಮೋಟರ್‌ಹೋಮ್‌ಗಳ ಜೊತೆ ಬಂದವೂ ಅದರಲ್ಲಿದ್ದವು.

ಅಕ್ಕನಿಗೆ ನಮ್ಮ ಮೊದಲ ಉತ್ತರ ತಪ್ಪು ಅಂತ ಬರೆದು, ಸಿಲಿಂಡರಿನ ತಳ ನೋಡಲು ಹೇಳಿದೆವು. ತಯಾರಾದ ವರ್ಷ 2009 ಅಂತ ಅಚ್ಚಾಗಿತ್ತು. ಮತ್ತೆ ತುಂಬಲು ಬಾರದ ಬಗೆಯದು, ಅಂಥದ್ದನ್ನು 12 ವರ್ಷಕ್ಕೆ ತೆಗೆದುಹಾಕಬೇಕು ಅನ್ನುವುದು ಅಲ್ಲಿನ ನಿಯಮ. ಶುಕ್ರವಾರ ಹೊಸ ಸಿಲಿಂಡರಿನ ಫೋಟೋ ಬಂತು, ಬಾಗಿಲ ಪಕ್ಕದಲ್ಲಿ. ಮುಳ್ಳು ಹಸಿರಿನ ಎಡ ಅಂಚಿನಲ್ಲೇ ಇತ್ತು. ಈ ಸಲ ಅವರು ಪಕ್ಕದಲ್ಲೊಂದು ಥರ್ಮಾಮೀಟರ್ ಹಿಡಿದುಕೊಂಡಿದ್ದರು: ಮೈನಸ್ 29.