ಅಂಗೈ ಮೇಲೆ ಎದ್ದು ನಿಂತ ತೆಂಗಿನಕಾಯಿ

ಕಡೂರು, ತರೀಕೆರೆ, ಅಜ್ಜಂಪುರದ ಬಯಲು ಭಾಗದಲ್ಲಿ ತೆಂಗು, ಅಡಿಕೆ ತೋಟ ಬಾಡತೊಡಗಿದರೆ ರೈತರಿಗೆ ಕಾಣುವ ದಾರಿ ಬೋರ್‌ವೆಲ್. ಬೋರ್ ಲಾರಿಗಿಂತ ಮೊದಲು ನೀರು ನೋಡುವವರು ಬರುತ್ತಾರೆ. ಅಂಗೈ ಮೇಲೆ ಜುಟ್ಟಿನ ಕಾಯಿಯನ್ನು ಅಡ್ಡ ಮಲಗಿಸಿಕೊಂಡು, ಇಲ್ಲವೇ ಬೇವಿನ ಕವೆ ಹಿಡಿದು ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು ಪಾಯಿಂಟ್ ಗುರುತು ಮಾಡುತ್ತಾರೆ. ಹಿಂದೆಯೇ ಬಂದ ಮಗು, 'ನೀರಿರೋದು ಕಾಯಿಗೆ ಹೆಂಗೆ ಗೊತ್ತಾಗುತ್ತೆ ತಾತ?' ಎಂದು ಕೇಳಿತು ಅನ್ನಿ. 'ಹಂಗೆಲ್ಲಾ ಕೇಳ್ಬಾರ್ದು ಮಗ, ದೊಡ್ಡೋರ ಕಾಲದಿಂದ ಬಂದಿದ್ದು' ಎಂದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಕಲಿಸುವುದು ಬೇರೆ, ತಲೆಗೆ ತುಂಬುವುದು ಬೇರೆ. ವಿಷಯ ಸುಳ್ಳೋ ನಿಜವೋ ಎಂಬುದರಲ್ಲಿ ಈ ವ್ಯತ್ಯಾಸವಿಲ್ಲ. ಭೂಮಿ ಗುಂಡಗಿದೆ ಎಂಬುದನ್ನೂ ಕಾರಣ ಹೇಳದೆ, ಬರೀ ಬಾಯಿಪಾಠ ಮಾಡಿಸಿದರೆ ಅದೂ ತಲೆಗೆ ತುಂಬಿದ್ದೇ. 'ಹೇಗೆ ಗೊತ್ತು?' ಎಂದು ಕೇಳಲು ಬಿಟ್ಟರೆ ಮಾತ್ರ ಅದು ಕಲಿಕೆ.

ದೊಡ್ಡವರು ಹೇಳಿದ್ದನ್ನು ಮಕ್ಕಳು ಅಷ್ಟು ಬೇಗ ಒಪ್ಪುವುದೇಕೆ? ಸಂಶೋಧಕರಾದ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಸುಳಿವು ಕೊಡುತ್ತದೆ. ಪೆಟ್ಟಿಗೆಯಿಂದ ಬಹುಮಾನ ತೆಗೆಯುವುದನ್ನು ಅವರು ಚಿಂಪಾಂಜಿಗಳಿಗೂ 3–4 ವರ್ಷದ ಮಕ್ಕಳಿಗೂ ತೋರಿಸಿದರು. ಮೇಲಿನ ತೂತಿಗೆ ಕೋಲು ತಿವಿಯುವ, ಯಾವ ಉಪಯೋಗಕ್ಕೂ ಬಾರದ ಕೆಲಸವನ್ನೂ ಸೇರಿಸಿದ್ದರು. ಒಳಗಿನದು ಕಾಣುವ ಪೆಟ್ಟಿಗೆ ಕೊಟ್ಟಾಗ ಚಿಂಪಾಂಜಿಗಳು ಆ ಕೆಲಸವನ್ನು ಬಹುಮಟ್ಟಿಗೆ ಕೈಬಿಟ್ಟವು. ಮಕ್ಕಳು ಅದನ್ನೂ ಚಾಚೂ ತಪ್ಪದೆ ಮಾಡಿದರು. ಇದು ಮಕ್ಕಳ ದಡ್ಡತನವಲ್ಲ. ಹಿರಿಯರು ಮಾಡಿದಂತೆ ಮಾಡುವ ಈ ಗುಣದಿಂದಲೇ ಬೇಸಾಯ, ಅಡುಗೆ, ಭಾಷೆ ತಲೆಮಾರಿನಿಂದ ತಲೆಮಾರಿಗೆ ದಾಟುತ್ತವೆ. ತಪ್ಪು ನಂಬಿಕೆ ದಾಟುವುದೂ ಇದೇ ದಾರಿಯಲ್ಲಿ.

ಹಾಗಾದರೆ ಕಾಯಿ ಏಳುವುದು ಸುಳ್ಳೇ? ಅಲ್ಲ, ಅದು ಏಳುತ್ತದೆ. ಆದರೆ ಏಳಿಸುವುದು ನೀರಲ್ಲ, ಕೈ. ನಾವು ನಿರೀಕ್ಷಿಸಿದ ಚಲನೆಯನ್ನು ಸ್ನಾಯುಗಳು ನಮ್ಮ ಅರಿವಿಲ್ಲದೆಯೇ ಮಾಡಬಲ್ಲವು ಎಂದು 1852ರಲ್ಲೇ ಶರೀರವಿಜ್ಞಾನಿ ವಿಲಿಯಂ ಕಾರ್ಪೆಂಟರ್ ವಿವರಿಸಿದ್ದರು. ಗುಂಡನೆಯ ಕಾಯಿ ಹೊರಳಲು ಅಂಗೈಯ ಸಣ್ಣ ಅಲುಗಾಟ ಸಾಕು. ನೀರು ನೋಡುವವರು ಮೋಸ ಮಾಡುತ್ತಿಲ್ಲ. ಅವರೂ ಹಿರಿಯರಿಂದ ಹಾಗೆಯೇ ಕಲಿತವರು.

ಪಾಯಿಂಟ್ ಇಟ್ಟ ಕಡೆ ಎಷ್ಟೋ ಸಲ ನೀರು ಬರುವುದೂ ನಿಜ. ನಮ್ಮದು ಗಟ್ಟಿ ಶಿಲೆಯ ನೆಲ. ಬಂಡೆಯ ಬಿರುಕುಗಳಲ್ಲಿ, ಶಿಥಿಲಗೊಂಡ ಪದರದಲ್ಲಿ ನೀರು ನಿಂತಿರುತ್ತದೆ. ಅಂಥ ಬಿರುಕು ಸಿಕ್ಕರೆ ಯಾರು ತೋರಿಸಿದ ಜಾಗದಲ್ಲೂ ನೀರು ಚಿಮ್ಮುತ್ತದೆ. ನೀರು ಬಿದ್ದ ಬೋರಿನ ಸುದ್ದಿ ಊರೆಲ್ಲ ಹರಡುತ್ತದೆ. ಬರೀ ಧೂಳು ಬಂದ ಬೋರನ್ನು ಹಣೆಬರಹದ ಲೆಕ್ಕಕ್ಕೆ ಬರೆದು ಮರೆಯುತ್ತೇವೆ.

1987–88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಹೀಗೆ ನೀರು ನೋಡುವ ಸುಮಾರು 500 ಜನರನ್ನು ಪರೀಕ್ಷಿಸಿ, ಉತ್ತಮರೆನಿಸಿದ 43 ಮಂದಿಯನ್ನು ಆರಿಸಿದರು. ಪರೀಕ್ಷೆ ಹೀಗಿತ್ತು: ಕಟ್ಟಡದ ಕೆಳಮಹಡಿಯಲ್ಲಿ ನೀರಿನ ಪೈಪನ್ನು ಜಾಗ ಬದಲಿಸಿ ಇಡುವುದು, ಮೇಲಿನಿಂದ ಅವರು ಅದನ್ನು ಗುರುತಿಸುವುದು. ಪರೀಕ್ಷೆ ನಡೆಸಿದವರು, ಕೆಲವರಿಗೆ ನೀರು ಗುರುತಿಸುವ ಶಕ್ತಿಯಿದೆ ಎಂದರು. 843 ಪರೀಕ್ಷೆಗಳ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ವಿಜ್ಞಾನಿ ಜಿಮ್ ಎನ್‌ರೈಟ್‌ಗೆ ಕಂಡದ್ದು ಬರೀ ಊಹೆಯಿಂದ ಬರುವ ಫಲಿತಾಂಶವೇ.

ಪ್ರಶ್ನಿಸುವುದು ನಮಗೆ ಹೊಸದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಭೌತವಿಜ್ಞಾನಿ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಅದೇ ವರ್ಷದ 42ನೇ ತಿದ್ದುಪಡಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ಪ್ರತಿ ನಾಗರಿಕರ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸಿತು.

ಶಿಕ್ಷಕರೇ, ಇದನ್ನು ಶಾಲೆಯ ಅಂಗಳದಲ್ಲೇ ಪರೀಕ್ಷಿಸಬಹುದು. ಐದು ಬಕೆಟ್ ಬೋರಲು ಹಾಕಿ, ಒಂದರಡಿ ನೀರು ತುಂಬಿದ ಚೊಂಬು, ಉಳಿದವುಗಳಡಿ ಖಾಲಿ ಚೊಂಬು ಇಡಿ. ಇಟ್ಟವರು ದೂರ ಹೋಗಲಿ. ಮಕ್ಕಳು ಕಾಯಿ ಹಿಡಿದು ನೀರು ಹುಡುಕಲಿ. ಜಾಗ ಬದಲಿಸುತ್ತ 20 ಸಲ ಮಾಡಿ, ಲೆಕ್ಕ ಬರೆಯಿರಿ. ಬರೀ ಊಹೆಗೇ ಸುಮಾರು 4 ಸಲ ಸರಿಯಾಗುತ್ತದೆ. ಕಾಯಿ ಅದಕ್ಕಿಂತ ಎಷ್ಟು ಹೆಚ್ಚು ಹೇಳಿತು ಎಂಬುದನ್ನು ನೀವು ಹೇಳಬೇಡಿ. ಮಕ್ಕಳೇ ಲೆಕ್ಕ ನೋಡಿ ಹೇಳಲಿ.