‘ಅಪರಿಚಿತರ ಹತ್ತಿರ ಚಾಕೊಲೇಟ್ ತಗೋಬೇಡ’ ಅಂದರೆ ಸಾಕಾ?

ಮೆಲ್ಬರ್ನ್‌ಗೆ ಬಂದ ಮೊದಲ ವರ್ಷ ಭಾನುವಾರದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡೋಣ ಅಂತ ಹೆಸರು ಕೊಟ್ಟೆ. “ಮೊದಲು ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಮಾಡಿಸಿಕೊಂಡು ಬನ್ನಿ” ಅಂದರು. ನಿಜ ಹೇಳಬೇಕೆಂದರೆ ಬೇಜಾರಾಯಿತು. ನನ್ನ ಮೇಲೇ ಅನುಮಾನವಾ? ಈ ನಿಯಮ ಯಾಕೆ ಬಂತು ಅಂತ ಓದುತ್ತಾ ಹೋದಾಗ ಆ ಬೇಜಾರು ಹೋಯಿತು. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಚಿಕ್ಕವರಿದ್ದಾಗ ನಮಗೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಗುರುತಿಲ್ಲದವರು ಚಾಕೊಲೇಟ್ ಕೊಟ್ಟರೆ ತಗೋಬೇಡ. ಅಂದರೆ ಅಪಾಯ ಹೊರಗಿನಿಂದ ಬರುತ್ತೆ, ಅದೂ ಹೆಣ್ಣುಮಕ್ಕಳಿಗೆ ಮಾತ್ರ ಅನ್ನುವ ನಂಬಿಕೆ. 2007ರಲ್ಲಿ ಭಾರತದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಮಾತನಾಡಿಸಿದ 12,447 ಮಕ್ಕಳಲ್ಲಿ ಸುಮಾರು 53% ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು. ತೊಂದರೆ ಕೊಟ್ಟವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಕಾನೂನೂ ಬದಲಾಯಿತು. 2012ರ ನವೆಂಬರ್ 14ರಂದು ಪೋಕ್ಸೊ ಕಾಯ್ದೆ ಜಾರಿಗೆ ಬಂತು. 18 ವರ್ಷದೊಳಗಿನ ಹುಡುಗ, ಹುಡುಗಿ ಇಬ್ಬರಿಗೂ ಒಂದೇ ರಕ್ಷಣೆ. ಮಗು ಠಾಣೆಗೆ ಹೋಗಬೇಕಿಲ್ಲ. ಪೊಲೀಸರು ಸಮವಸ್ತ್ರವಿಲ್ಲದೆ ಮಗು ಇರುವಲ್ಲಿಗೇ ಬಂದು ಹೇಳಿಕೆ ಪಡೆಯಬೇಕು. ಮಗುವಿನ ಹೆಸರು, ಗುರುತು ಬಹಿರಂಗವಾಗಬಾರದು. ಮುಖ್ಯವಾಗಿ, ವಿಷಯ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ‘ಮನೆ ಮರ್ಯಾದೆ’ ಅಂತ ಮುಚ್ಚಿಡಲು ಕಾನೂನಿನಲ್ಲಿ ಜಾಗವಿಲ್ಲ.

ಇನ್ನು ಆಸ್ಟ್ರೇಲಿಯಾ. 2013ರಿಂದ 2017ರವರೆಗೆ ಇಲ್ಲಿನ ರಾಯಲ್ ಕಮಿಷನ್ ಶಾಲೆ, ಚರ್ಚ್, ಅನಾಥಾಲಯ, ಕ್ರೀಡಾ ಕ್ಲಬ್‌ಗಳಲ್ಲಿ ನಡೆದದ್ದನ್ನು ವಿಚಾರಿಸಿತು. 8,000ಕ್ಕೂ ಹೆಚ್ಚು ಜನ ಖಾಸಗಿಯಾಗಿ ಬಂದು ತಮ್ಮ ಕಥೆ ಹೇಳಿಕೊಂಡರು. ಎಷ್ಟೋ ಸಂಸ್ಥೆಗಳು ಮಗುವಿಗಿಂತ ತಮ್ಮ ಹೆಸರನ್ನು ಉಳಿಸಿಕೊಳ್ಳಲು ನೋಡಿದ್ದವು. ಹಾಗೆ ಬಂದವರು ಮೊದಲ ಸಲ ಯಾರಿಗಾದರೂ ಹೇಳಿಕೊಳ್ಳಲು ತೆಗೆದುಕೊಂಡ ಸಮಯ ಸರಾಸರಿ ಸುಮಾರು 24 ವರ್ಷ. ನನ್ನ ವಯಸ್ಸೇ 24. ಆ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇಂಜಿನಿಯರಿಂಗ್ ಓದಿದವರಿಗೆ ಗೊತ್ತು, ಇಡೀ ಭಾರವನ್ನು ಅತ್ಯಂತ ದುರ್ಬಲ ಭಾಗದ ಮೇಲೆ ಯಾರೂ ಹಾಕಲ್ಲ. ಆದರೆ ‘ನೀನೇ ಹುಷಾರಾಗಿರು, ಬೇಡ ಅನ್ನು, ಓಡಿ ಬಾ’ ಅಂತ ನಾವು ಮಗುವಿನ ಮೇಲೆ ಹಾಕಿದ್ದು ಅದೇ ಭಾರ. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ಈಗಲೂ ಬೇಕು. ಆದರೆ ತಡೆಯುವ ಜವಾಬ್ದಾರಿ ದೊಡ್ಡವರದ್ದು. ಚೆಕ್ ಕೂಡ ಒಂದು ಪದರ ಮಾತ್ರ. ಹಳೆಯ ದಾಖಲೆ ಇಲ್ಲದವರು ಅದರಲ್ಲಿ ಸಿಗಲ್ಲ. ಅದಕ್ಕೇ ಉಳಿದ ನಿಯಮಗಳು: ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಇರುವಂತಿಲ್ಲ, ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಫೋಟೊ ಇಲ್ಲ, ದೂರು ಯಾರಿಗೆ ಹೇಳಬೇಕು ಅನ್ನುವುದು ಎಲ್ಲರಿಗೂ ಗೊತ್ತಿರಬೇಕು.

ನಮ್ಮಲ್ಲಿ ಎಷ್ಟೋ ಜನ ರಾಜ್ಯೋತ್ಸವಕ್ಕೆ ಮಕ್ಕಳಿಗೆ ಡ್ಯಾನ್ಸ್ ಕಲಿಸುತ್ತೇವೆ, ನಾಟಕ ಮಾಡಿಸುತ್ತೇವೆ. ಒಂದು ಮಗು ನಿಮ್ಮ ಹತ್ತಿರ ಏನಾದರೂ ಹೇಳಿಕೊಂಡರೆ ಗಾಬರಿಯಾಗಬೇಡಿ. ಪೂರ್ತಿ ಕೇಳಿ. ಕೆದಕಿ ಕೆದಕಿ ಪ್ರಶ್ನೆ ಮಾಡಬೇಡಿ. ‘ಹೇಳಿದ್ದು ಒಳ್ಳೆಯದಾಯಿತು, ಇದು ನಿನ್ನ ತಪ್ಪಲ್ಲ’ ಅನ್ನಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ, ಯಾಕೆಂದರೆ ಹೇಳಲೇಬೇಕು. ವಿಕ್ಟೋರಿಯಾದಲ್ಲಿ 16 ವರ್ಷದೊಳಗಿನ ಮಗುವಿನ ಮೇಲೆ ದೊಡ್ಡವರು ದೌರ್ಜನ್ಯ ಮಾಡಿದ್ದಾರೆಂದು ನಂಬಲು ಕಾರಣವಿದ್ದರೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬ ವಯಸ್ಕರ ಕರ್ತವ್ಯ. ತಕ್ಷಣದ ಅಪಾಯವಿದ್ದರೆ ಇಲ್ಲಿ 000, ಊರಿನಲ್ಲಾದರೆ ಮಕ್ಕಳ ಸಹಾಯವಾಣಿ 1098.

ಇನ್ನೊಂದು ಸಣ್ಣ ಮಾತು. ಹಬ್ಬದ ಊಟದಲ್ಲಿ ‘ಅಂಕಲ್‌ಗೆ ಮುತ್ತು ಕೊಡು ಪುಟ್ಟಾ’ ಅಂದಾಗ ಮಗು ಹಿಂದೆ ಸರಿದರೆ ಬಿಟ್ಟುಬಿಡಿ. ನಮಸ್ಕಾರ ಸಾಕು. ‘ಬೇಡ’ ಅಂದರೆ ದೊಡ್ಡವರು ಕೇಳುತ್ತಾರೆ ಅಂತ ಆ ಮಗುವಿಗೆ ಅಲ್ಲೇ ಗೊತ್ತಾಗಲಿ. ಮುಂದೆ ಯಾವತ್ತಾದರೂ ಹೇಳಿಕೊಳ್ಳಬೇಕಾಗಿ ಬಂದರೆ ಅದು 24 ವರ್ಷ ಕಾಯದಿರಲಿ.